ಮೊದಲು ಹುಲ್ಲು, ಆಮೇಲೆ ಬೀಜ

ಕೋಲಾರದ ಚಿನ್ನದ ಗಣಿಯ ಊರಾದ ಮಾರಿಕುಪ್ಪಂನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಎನ್ನುವುದು ಗುಟ್ಟಾಗಿ ಉಳಿಯುವುದಿಲ್ಲ. ಗೋಡೆಗೆ ಗೋಡೆ ತಾಗಿಕೊಂಡಿದೆ. ಹಿತ್ತಲಿಗೂ ಹಿತ್ತಲಿಗೂ ನಡುವೆ ನಾಲ್ಕು ತಗಡು, ಒಂದಿಷ್ಟು ತಂತಿ, ಒಂದು ನುಗ್ಗೆಮರ. ಹೀಗಿರುವಾಗ ಹಿತ್ತಲ ಒಲೆಗೆ ಹಂಡೆ ಏರಿಸಿ ಭತ್ತದ ಹುಲ್ಲು ಬೇಯಿಸಲು ಕೂತರೆ ಆಚೆ ಕಡೆಯಿಂದ ಮಾತು ಬರದೇ ಇರುತ್ತದೆಯೇ?

"ಏನಮ್ಮಾ, ಹಸು ಏನಾದ್ರೂ ತಂದ್ರಾ?" ಅಂದರು ಪಕ್ಕದ ಮನೆ ಅಕ್ಕ, ನುಗ್ಗೆಸೊಪ್ಪು ಬಿಡಿಸುತ್ತಾ.

"ಹಸು ಇಲ್ಲ ಅಕ್ಕಾ. ಅಣಬೆಗೆ."

"ಅಣಬೆಗೂ ಹುಲ್ಲು ಬೇಯಿಸ್ಬೇಕಾ? ಅದಿರ್ಲಿ, ಬೀಜ ಎಲ್ಲಿ ಸಿಗತ್ತೆ ಹೇಳಿ. ನಾನೂ ಹಾಕ್ತೀನಿ."

ಅಣಬೆಯ ವಿಷಯ ತೆಗೆದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ. ಬೀಜ ಎಲ್ಲಿ ಸಿಗುತ್ತದೆ, ಕಿಲೋಗೆ ಎಷ್ಟು ಬರುತ್ತದೆ, ಯಾರು ಕೊಳ್ಳುತ್ತಾರೆ. ಹುಲ್ಲು ಯಾವುದು, ಎಲ್ಲಿಂದ ತಂದಿರಿ, ಹೇಗೆ ಹದ ಮಾಡಿದಿರಿ ಎಂದು ಕೇಳುವವರು ಕಡಿಮೆ. ನಾನು ಹೇಳಬೇಕೆಂದಿರುವುದು ಅದನ್ನೇ. ಅಣಬೆ ಬೇಸಾಯದಲ್ಲಿ ಬೀಜದ ಪಾಲು ಚಿಕ್ಕದು, ಹುಲ್ಲಿನ ಪಾಲು ದೊಡ್ಡದು. ನಮ್ಮ ಊರಲ್ಲಂತೂ ಆ ಹುಲ್ಲಿನ ಬಗ್ಗೆ ಬೇರೆ ಊರಿನವರಿಗಿಂತ ಎರಡು ಮಾತು ಜಾಸ್ತಿಯೇ ಆಡಬೇಕು.

ಗಿಡಕ್ಕೆ ಹಸಿರೆಲೆ ಇದೆ, ಬಿಸಿಲು ಕುಡಿದು ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಅಣಬೆಗೆ ಆ ಅನುಕೂಲವಿಲ್ಲ. ಸತ್ತ ಮರ, ಒಣಗಿದ ಹುಲ್ಲು, ಉದುರಿದ ಎಲೆ ಇವನ್ನು ಕರಗಿಸಿಕೊಂಡು ಅದು ಬದುಕಬೇಕು. ಒಣಹುಲ್ಲಿನಲ್ಲಿ ಸೆಲ್ಯುಲೋಸ್ ಇದೆ, ಅದಕ್ಕೆ ಕಾವಲು ನಿಂತ ಹಾಗೆ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಇದೆ. ಅದನ್ನು ಒಡೆಯುವ ಶಕ್ತಿ ಹೆಚ್ಚಿನ ಜೀವಿಗಳಿಗಿಲ್ಲ, ಚಿಪ್ಪು ಅಣಬೆಗೆ ಇದೆ. ಹೊಸಬರು ಮೊದಲು ಚಿಪ್ಪು ಅಣಬೆಯನ್ನೇ ಹಿಡಿಯಬೇಕು ಎಂದು ನಾನು ಹೇಳುವುದು ಇದಕ್ಕೇ. ಬಟನ್ ಅಣಬೆಗೆ ಕೊಳೆಸಿ ಹದ ಮಾಡಿದ ಗೊಬ್ಬರ ಬೇಕು, ತಣ್ಣನೆಯ ಕೋಣೆ ಬೇಕು. ಚಿಪ್ಪು ಅಣಬೆ ಬರೀ ಹುಲ್ಲಿನಲ್ಲಿ ಬರುತ್ತದೆ, ನಮ್ಮ ಕೋಲಾರದ ಹವೆಯಲ್ಲಿ ಮಳೆಗಾಲದಿಂದ ಚಳಿಗಾಲ ಮುಗಿಯುವವರೆಗೆ ಹೆಚ್ಚಿನ ಉಪಚಾರ ಕೇಳದೆ ಬರುತ್ತದೆ.

"ನಮ್ಮಮ್ಮ ತರ್ತಿದ್ರಲ್ಲಮ್ಮಾ, ಗುಡುಗು ಮಳೆ ಆದ ಮಾರನೇ ದಿನ, ಹುತ್ತದ ಹತ್ರ ಬರೋದು. ಮಡಿಲು ತುಂಬ ತರೋರು. ಅದಕ್ಕೆ ಯಾರು ಹುಲ್ಲು ಬೇಯಿಸಿದ್ರು?" ಅಂದರು ಅಕ್ಕ. ಅವರ ತವರು ಬೇತಮಂಗಲದ ಕಡೆ.

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುತ್ತದ ಒಳಗೇ ಇದೆ. ಹುತ್ತದ ಅಣಬೆ ತನ್ನಷ್ಟಕ್ಕೆ ಹುಟ್ಟಿದ್ದಲ್ಲ, ಅದನ್ನು ಗೆದ್ದಲು ಬೆಳೆಸುತ್ತದೆ. ಒಣಗಿದ ಕಡ್ಡಿ, ಎಲೆ, ಹುಲ್ಲು ಎಲ್ಲವನ್ನೂ ತಂದು, ಜಗಿದು, ಹುತ್ತದೊಳಗೆ ಸ್ಪಂಜಿನಂಥ ಹಾಸಿಗೆ ಕಟ್ಟುತ್ತದೆ. ಆ ಹಾಸಿಗೆಯಲ್ಲಿ ಅಣಬೆಯ ಎಳೆ ಹಬ್ಬುತ್ತದೆ. ಬೇಡದ ಬೂಸ್ಟು ಕಂಡರೆ ಗೆದ್ದಲುಗಳೇ ತೆಗೆದು ಹಾಕುತ್ತವೆ, ಒಳಗಿನ ತೇವ ಮತ್ತು ಬಿಸಿ ಏರುಪೇರಾಗದಂತೆ ನೋಡಿಕೊಳ್ಳುತ್ತವೆ. ಅಕ್ಕನ ಅಮ್ಮ ಮಡಿಲು ತುಂಬ ತಂದದ್ದು ಆ ಪುಟ್ಟ ಹುಳುಗಳ ಬೇಸಾಯದ ಫಸಲು. ನಾವು ಹಿತ್ತಲಲ್ಲಿ ಹುಲ್ಲು ಕತ್ತರಿಸಿ, ನೆನೆಸಿ, ಬಿಸಿಮಾಡಿ, ಚೀಲಕ್ಕೆ ತುಂಬುತ್ತೇವಲ್ಲ, ಅದೇ ಕೆಲಸವನ್ನು ಅವು ಲಕ್ಷಾಂತರ ವರ್ಷಗಳಿಂದ ಮಾಡಿಕೊಂಡು ಬಂದಿವೆ.

ಮನುಷ್ಯರು ಚಿಪ್ಪು ಅಣಬೆಯನ್ನು ಬೇಸಾಯಕ್ಕೆ ತಂದದ್ದು ತೀರ ಈಚೆಗೆ. ಜರ್ಮನಿಯಲ್ಲಿ ಫಾಲ್ಕ್ ಎಂಬ ವಿಜ್ಞಾನಿ 1917ರಲ್ಲಿ, ಮೊದಲ ಮಹಾಯುದ್ಧದ ಹಸಿವಿನ ಕಾಲದಲ್ಲಿ, ಮರದ ಬೊಡ್ಡೆಗಳ ಮೇಲೆ ಬೆಳೆಸಿ ತೋರಿಸಿದರು. ಭತ್ತದ ಹುಲ್ಲಿನ ಮೇಲೆ ಅದನ್ನು ಬೆಳೆಸುವ ದಾರಿ ನಮ್ಮ ದೇಶದಲ್ಲಿ ತೆರೆದದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಸಿಎಫ್‌ಟಿಆರ್‌ಐ ಆಹಾರ ಸಂಶೋಧನಾಲಯದ ಜಕಿಯಾ ಬಾನೊ ಮತ್ತು ಶ್ರೀವಾಸ್ತವ 1962ರಲ್ಲಿ ಈ ಕುರಿತ ತಮ್ಮ ಕೆಲಸ ಪ್ರಕಟಿಸಿದರು. ಹುಲ್ಲು ನಮ್ಮ ಗದ್ದೆಯಲ್ಲೇ ಇತ್ತು. ಅದನ್ನು ಊಟದ ತಟ್ಟೆಗೆ ತರುವ ಉಪಾಯವನ್ನು ಇಲ್ಲೇ ಒಬ್ಬ ಹೆಣ್ಣುಮಗಳು ತನ್ನ ಸಹೋದ್ಯೋಗಿಯ ಜೊತೆ ನಿಂತು ಕಂಡುಕೊಂಡಳು. ಈ ಸಂಗತಿ ನನಗೆ ಬಹಳ ಹೆಮ್ಮೆಯದು. ಈಗ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅಣಬೆ ಬೀಜ ಮಾಡುತ್ತದೆ, ತರಬೇತಿಯನ್ನೂ ಕೊಡುತ್ತದೆ.

ಹುಲ್ಲಿಗೆ ಬರುತ್ತೇನೆ.

ಕೋಲಾರ ಸೀಮೆ ರಾಗಿ ಸೀಮೆ. ಕೆರೆಯ ಹಿಂದೆ, ಬಾವಿಯ ಕೆಳಗೆ ಒಂದಿಷ್ಟು ಭತ್ತ. ರಾಗಿ ಹುಲ್ಲಿನಲ್ಲೂ ಚಿಪ್ಪು ಅಣಬೆ ಬರುತ್ತದೆ. ಆದರೆ ರಾಗಿ ಹುಲ್ಲು ಹಸುವಿನ ಬಾಯಿಗೆ ಹೋಗಬೇಕಾದ ಒಳ್ಳೆಯ ಮೇವು, ಹಾಲು ಮಾರಿ ಸಂಸಾರ ನಡೆಸುವ ಮನೆಗಳಿಂದ ಅದನ್ನು ಕಿತ್ತುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಭತ್ತದ ಹುಲ್ಲು ಮೇವಾಗಿ ಅದಕ್ಕಿಂತ ಕೆಳಗಿನದು, ಅಣಬೆಗೆ ಮಾತ್ರ ಬಹಳ ಹೊಂದುತ್ತದೆ. ಕಬ್ಬಿನ ಹಾಲಿನ ಅಂಗಡಿಯವರು ಎಸೆಯುವ ಸಿಪ್ಪೆಯೂ ಆಗುತ್ತದೆ. ಅದರಲ್ಲಿ ಉಳಿದ ಸಕ್ಕರೆಗೆ ಬೂಸ್ಟು ಬೇಗ ಮುತ್ತುವುದರಿಂದ ಚೆನ್ನಾಗಿ ತೊಳೆದೇ ಬಳಸಬೇಕು. ನೀಲಗಿರಿ ಮರದ ಹೊಟ್ಟು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಹೊಸಬರು ಅದರ ಗೋಜಿಗೆ ಹೋಗದಿರುವುದೇ ವಾಸಿ.

ಹುಲ್ಲು ಕೊಳ್ಳುವಾಗ ಬಣವೆಯ ಮೇಲಿನ ಪದರ ನೋಡಿ ದುಡ್ಡು ಕೊಡಬಾರದು. ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ ಒಂದು ಹಿಡಿ ಎಳೆದು ನೋಡಬೇಕು. ಅದು ಹೊಂಬಣ್ಣಕ್ಕಿರಬೇಕು, ಮುರಿದರೆ ಲಟಕ್ ಎನ್ನಬೇಕು, ಮೂಗಿಗೆ ಹಿಡಿದರೆ ಗದ್ದೆಯ ಒಣ ವಾಸನೆ ಬರಬೇಕು. ಕಂದುಗಟ್ಟಿ ಮೆತ್ತಗಾಗಿದ್ದರೆ, ಕರಿ ಚುಕ್ಕೆ ಬಿದ್ದಿದ್ದರೆ, ಮುಗ್ಗಲು ನಾತ ಬಂದರೆ ಆ ಹುಲ್ಲು ಮಳೆಯಲ್ಲಿ ನೆನೆದಿದೆ ಎಂದು ಅರ್ಥ. ಬೇರೆ ಬೂಸ್ಟು ಅಲ್ಲಿ ಆಗಲೇ ಮನೆ ಮಾಡಿರುತ್ತದೆ, ನಮ್ಮ ಅಣಬೆ ಆಮೇಲೆ ಹೋಗಿ ಜಾಗ ಕೇಳುವ ಪರಿಸ್ಥಿತಿ. ಹಾಗೆಯೇ ಕೊಯ್ಲಿಗೆ ಮುಂಚೆ ಬೆಂಕಿರೋಗಕ್ಕೆಂದು ಔಷಧಿ ಹೊಡೆದಿದ್ದಾರಾ ಎಂದು ರೈತರನ್ನೇ ಕೇಳಬೇಕು. ಬೆಂಕಿರೋಗ ತರುವುದು ಶಿಲೀಂಧ್ರ, ಅದಕ್ಕೆ ಹೊಡೆಯುವ ಔಷಧಿ ಶಿಲೀಂಧ್ರನಾಶಕ. ಅಣಬೆಯೂ ಶಿಲೀಂಧ್ರವೇ. ಔಷಧಿ ಉಳಿದ ಹುಲ್ಲಿಗೆ ಬೀಜ ಹಾಕಿದರೆ ಎಳೆ ಓಡುವುದಾದರೂ ಹೇಗೆ?

ಇನ್ನು ನಮ್ಮ ಊರಿಗೇ ಸೇರಿದ ಮಾತು. ಇದನ್ನು ಅಕ್ಕನಿಗೆ ಹೇಳುವಾಗ ತಗಡಿನ ಬೇಲಿಗೆ ಇನ್ನೂ ಹತ್ತಿರ ಹೋಗಿ ನಿಂತೆ.

"ಅಕ್ಕಾ, ಗುಡ್ಡದ ಬುಡದಲ್ಲಿ ಬೆಳೆದ ಹುಲ್ಲು ಮಾತ್ರ ಬೇಡ. ಪುಕ್ಕಟೆ ಕೊಟ್ರೂ ಬೇಡ."

ಯಾವ ಗುಡ್ಡ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ನೂರಿಪ್ಪತ್ತು ವರ್ಷ ಬಂಡೆ ಅಗೆದು, ಪುಡಿಮಾಡಿ, ಮೊದಲು ಪಾದರಸದಿಂದ, ಆಮೇಲೆ ಸೈನೈಡಿನಿಂದ ಬಂಗಾರ ತೆಗೆದು, ಉಳಿದ ಪುಡಿಯನ್ನು ಊರ ನಡುವೆಯೇ ಸುರಿದಿದ್ದಾರೆ. ಮೂರು ಕೋಟಿ ಟನ್ನಿಗೂ ಮೀರಿದ ಬೂದು ಬಣ್ಣದ ಆ ರಾಶಿಗಳು ಇವತ್ತಿಗೂ ಹಾಗೇ ನಿಂತಿವೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಗುಡ್ಡಗಳು ಉಳಿದವು. ಗಾಳಿ ಎದ್ದ ದಿನ ಆ ಪುಡಿ ಒಗೆದು ಹರವಿದ ಬಟ್ಟೆಯ ಮೇಲೆ, ಮುಚ್ಚದ ನೀರಿನ ಮೇಲೆ, ಬಾಗಿಲು ತೆಗೆದಿಟ್ಟ ಮನೆಯ ನೆಲದ ಮೇಲೆ ಬಂದು ಕೂರುತ್ತದೆ. ಇದು ಇಲ್ಲಿನ ಮಕ್ಕಳಿಗೂ ಗೊತ್ತು.

ಸೈನೈಡ್ ಬಿಸಿಲಿಗೂ ಗಾಳಿಗೂ ಕಾಲಕ್ರಮೇಣ ಒಡೆದುಹೋಗುತ್ತದೆ. ಬಂಡೆಯಲ್ಲಿ ಬಂಗಾರದ ಜೊತೆಗಿದ್ದ ಸೀಸ, ಆರ್ಸೆನಿಕ್‌ನಂಥವು ಹಾಗಲ್ಲ, ಅವು ಎಲ್ಲಿಗೂ ಹೋಗುವುದಿಲ್ಲ. ಅಣಬೆಗೆ ಒಂದು ಗುಣವಿದೆ: ತಾನು ಬೆಳೆದ ಹಾಸಿನಲ್ಲಿ ಭಾರಲೋಹ ಇದ್ದರೆ ಅದನ್ನು ಹೀರಿ ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕ್ಯಾಡ್ಮಿಯಂ, ಪಾದರಸದ ವಿಷಯದಲ್ಲಂತೂ ಇದು ಚೆನ್ನಾಗಿ ಗೊತ್ತಾಗಿರುವ ಸಂಗತಿ. ಹುಲ್ಲನ್ನು ಎಷ್ಟೇ ಕುದಿಸಿದರೂ ಲೋಹ ಸಾಯುವುದಿಲ್ಲ. ಕುದಿಯುವ ನೀರು ಜೀವಾಣುಗಳನ್ನು ಕೊಲ್ಲಬಲ್ಲದು, ಸೀಸವನ್ನು ಕೊಲ್ಲುವುದು ಅದರ ಕೈಯಲ್ಲಿಲ್ಲ.

"ಇಷ್ಟು ವರ್ಷ ಆ ಧೂಳಲ್ಲೇ ಬದುಕಿದ್ದೀವಿ ಬಿಡಮ್ಮಾ" ಅಂದರು ಅಕ್ಕ.

ಬದುಕಿದ್ದೇವೆ ನಿಜ. ಅದು ನಮ್ಮ ಆಯ್ಕೆ ಆಗಿರಲಿಲ್ಲ. ನಮ್ಮ ಕೈಯಿಂದಲೇ ಬೆಳೆಸಿ ಮಕ್ಕಳ ತಟ್ಟೆಗೆ ಹಾಕುವ ವಸ್ತುವಿನ ವಿಷಯ ಬೇರೆ, ಇಲ್ಲಿ ಆಯ್ಕೆ ನಮ್ಮದು. ಅದಕ್ಕಾಗಿ ಹುಲ್ಲನ್ನು ಗುಡ್ಡಗಳಿಂದ ದೂರದ ಗದ್ದೆಗಳಿಂದ, ಬಂಗಾರಪೇಟೆಯ ಆಚೆಯಿಂದಲೋ ಬೇತಮಂಗಲದ ಕಡೆಯಿಂದಲೋ, ಬೆಳೆದವರನ್ನು ಕಂಡು ಮಾತಾಡಿಯೇ ತರಬೇಕು. ತಂದ ಹುಲ್ಲನ್ನು ಬಯಲಲ್ಲಿ ಬಿಡದೆ ಮನೆಯೊಳಗೆ ಇಲ್ಲವೇ ಟಾರ್ಪಾಲಿನ ಅಡಿ ಕಟ್ಟಿಡಬೇಕು. ಬೇಯಿಸಿದ ಹುಲ್ಲನ್ನು ಆರಲು ಹಾಕುವುದೂ ಒಳಗೆ, ಕಿಟಕಿ ಮುಚ್ಚಿ. ನೆನೆಸಲು ಕುಡಿಯುವ ನೀರನ್ನೇ ಬಳಸಬೇಕು. ಇವೆಲ್ಲ ಮಾಡಲು ಹೆಚ್ಚು ದುಡ್ಡು ಬೇಡ, ಎಚ್ಚರ ಇದ್ದರೆ ಸಾಕು.

ಹದ ಮಾಡುವ ಕೆಲಸಕ್ಕೆ ನಮ್ಮ ಮನೆಗಳಲ್ಲಿರುವ ಸಾಮಾನೇ ಸಾಲುತ್ತದೆ. ಮೇವು ಕತ್ತರಿಸುವ ಯಂತ್ರ ಇಲ್ಲವೆಂದು ಕೂರಬೇಕಿಲ್ಲ, ಈಳಿಗೆಮಣೆ ಸಾಕು. ಹುಲ್ಲನ್ನು ಕೈತುಂಬ ಬಿಗಿಯಾಗಿ ಹಿಡಿದು ಎರಡು ಬೆರಳಗಲದ ತುಂಡು ಮಾಡಿಕೊಳ್ಳುತ್ತೇವೆ. ಉದ್ದ ಉಳಿದರೆ ಚೀಲದೊಳಗೆ ಟೊಳ್ಳು ಜಾಗ ಉಳಿಯುತ್ತದೆ, ಎಳೆ ದಾಟಲು ಕಷ್ಟಪಡುತ್ತದೆ. ತೀರ ಪುಡಿಯಾದರೆ ಒತ್ತಾಗಿ ಕೂತು ಗಾಳಿಯಾಡುವುದಿಲ್ಲ. ಕತ್ತರಿಸಿದ ಹುಲ್ಲನ್ನು ಈರುಳ್ಳಿ ಬರುವ ಬಲೆಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಸಂಜೆ ಡ್ರಮ್ಮಿನ ನೀರಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರಿ ಬಿಡುವುದು. ಬೆಳಿಗ್ಗೆ ಹೊತ್ತಿಗೆ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಹುಲ್ಲಿನ ಮೇಲಿನ ಮೇಣದ ಹೊಳಪು ಹೋಗಿ ಅದು ಮೆತ್ತಗಾಗಿರುತ್ತದೆ. ಆ ನೀರು ಚೆಲ್ಲಿ, ಹುಲ್ಲನ್ನು ಇನ್ನೊಂದು ಸಲ ತೊಳೆದು, ಸೋರಲು ಬಿಡಬೇಕು.

ಇನ್ನು ಬಿಸಿನೀರಿನ ಸ್ನಾನ. ಹಂಡೆಯ ನೀರು 80 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ಬಲೆಚೀಲವನ್ನು ಪೂರ್ತಿ ಮುಳುಗಿಸಿ, ಅದೇ ಬಿಸಿಯಲ್ಲಿ ಒಂದು ಗಂಟೆ ಇಡಬೇಕು. ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನೀರನ್ನು ಒಮ್ಮೆ ಕುದಿಸಿಬಿಡಿ, ಹುಲ್ಲು ಇಳಿಸಿದೊಡನೆ ಬಿಸಿ ತಗ್ಗುತ್ತದೆ. ಆಮೇಲೆ ಉರಿಯನ್ನು ಹತೋಟಿಯಲ್ಲಿಡಿ, ಹಂಡೆಯ ಅಂಚಿನಿಂದ ಸಣ್ಣ ಗುಳ್ಳೆ ಏಳುತ್ತಿರಬೇಕು, ನೀರು ಕೊತಕೊತ ಕುದಿಯಬಾರದು. ಗಂಟೆ ಎಣಿಸುವುದು ಹುಲ್ಲು ಹಾಕಿದ ಕ್ಷಣದಿಂದ ಅಲ್ಲ, ತಗ್ಗಿದ ಬಿಸಿ ಮತ್ತೆ ಏರಿದ ಮೇಲಿನಿಂದ. ಹೊಸಬರು ಈ ವ್ಯತ್ಯಾಸವನ್ನು ಗಮನಿಸಬೇಕು.

"ಕುಕ್ಕರಲ್ಲಿ ನಾಲ್ಕು ವಿಷಲ್ ಕೂಗಿಸಿದ್ರೆ ಆಗಲ್ವಾ? ಎಲ್ಲ ಸತ್ತುಹೋಗತ್ತೆ."

ಅಕ್ಕನ ಈ ಮಾತು ಹಲವರ ಮನಸ್ಸಿನಲ್ಲಿರುವ ಮಾತು. ಎಲ್ಲವನ್ನೂ ಕೊಂದುಬಿಟ್ಟರೆ ಹುಲ್ಲು ಯಜಮಾನನಿಲ್ಲದ ಮನೆಯಾಗುತ್ತದೆ. ಆಮೇಲೆ ಮೊದಲು ಕಾಲಿಟ್ಟವರಿಗೆ ಅದು ಸ್ವಂತ. ಪ್ರಯೋಗಶಾಲೆಯಲ್ಲಾದರೆ ಗಾಳಿಯನ್ನೂ ಸೋಸುತ್ತಾರೆ, ಬೇರೆ ಯಾವುದೂ ಒಳಗೆ ಬರದಂತೆ ತಡೆಯುತ್ತಾರೆ. ನಮ್ಮ ಅಡುಗೆಮನೆಯ ಗಾಳಿಯಲ್ಲಿ ಬೂಸ್ಟಿನ ಬೀಜಕಣ ಸದಾ ತೇಲುತ್ತಿರುತ್ತದೆ. 80 ಡಿಗ್ರಿಯ ಬಿಸಿಗೆ ಅಣಬೆಯ ಎದುರಾಳಿಗಳು ಬಹುಪಾಲು ಸಾಯುತ್ತವೆ, ಬಿಸಿ ತಡೆದುಕೊಳ್ಳುವ ಕೆಲವು ಬ್ಯಾಕ್ಟೀರಿಯಾ ಮಾತ್ರ ಉಳಿಯುತ್ತವೆ. ಆ ಉಳಿದವು ಚಿಪ್ಪು ಅಣಬೆಗೆ ಕೇಡು ಮಾಡುವುದಿಲ್ಲ, ಬೇರೆಯವರು ಒಳಗೆ ಬರಲು ಅಡ್ಡಿ ಮಾಡುತ್ತವೆ. ಮನೆಯಲ್ಲಿ ಮಾಡುವವರಿಗೆ ಈ ಅರ್ಧ ಬಿಸಿಯೇ ಕ್ಷೇಮ.

ದೊಡ್ಡದಾಗಿ ಬೆಳೆಯುವವರು ಒಲೆ ಹಚ್ಚದೆ ಫಾರ್ಮಾಲಿನ್ ಮತ್ತು ಕಾರ್ಬೆಂಡಜಿಮ್ ಬೆರೆಸಿದ ನೀರಲ್ಲಿ ಹುಲ್ಲು ಅದ್ದುವುದುಂಟು. ಹತ್ತಡಿಗೆ ಹತ್ತಡಿಯ ಮನೆಯಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ ಆ ಎರಡೂ ಬೇಡ ಎಂದು ನಾನು ಕೈಮುಗಿದು ಹೇಳುತ್ತೇನೆ. ಸೌದೆಯ ಖರ್ಚು ಉಳಿಸಬೇಕೆನ್ನುವವರು ಸುಣ್ಣದ ತಿಳಿನೀರಲ್ಲಿ ರಾತ್ರಿಯಿಡೀ ನೆನೆಸುವ ದಾರಿಯೂ ಇದೆ. ಸುಣ್ಣದ ಖಾರಕ್ಕೆ ಬೂಸ್ಟು ತಗ್ಗುತ್ತದೆ, ಚಿಪ್ಪು ಅಣಬೆ ಅದನ್ನು ತಡೆದುಕೊಳ್ಳುತ್ತದೆ. ಕೈಯ ಚರ್ಮ ಮಾತ್ರ ತಡೆದುಕೊಳ್ಳುವುದಿಲ್ಲ, ರಬ್ಬರ್ ಗವಸು ಹಾಕಿಕೊಳ್ಳಲೇಬೇಕು.

ಬಿಸಿನೀರಿಂದ ತೆಗೆದ ಹುಲ್ಲನ್ನು ನೇತುಹಾಕಿ ನೀರು ಇಳಿಸಿ, ಶುಭ್ರವಾದ ಬಟ್ಟೆಯ ಮೇಲೆ ಹರವಿ ಆರಿಸಬೇಕು. ಎಷ್ಟು ಆರಬೇಕು ಎಂಬುದೇ ಈ ಕೆಲಸದ ಜೀವ. ಪುಸ್ತಕದ ಲೆಕ್ಕದಲ್ಲಿ ನೂರಕ್ಕೆ 60ರಿಂದ 65 ಪಾಲು ತೇವ. ಕೈಯ ಲೆಕ್ಕ ಹೀಗೆ: ಒಂದು ಹಿಡಿ ಹುಲ್ಲು ತೆಗೆದುಕೊಂಡು ಮುಷ್ಟಿ ಬಿಗಿದು ಜೋರಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿದರೆ ಇನ್ನೂ ಆರಬೇಕು. ತೊಟ್ಟೂ ಬೀಳದೆ, ಮುಷ್ಟಿ ಬಿಚ್ಚಿದಾಗ ಅಂಗೈ ಪಸೆಯಾಗಿ ಮಿನುಗಿದರೆ ಅದು ಹದ. ಅಂಗೈ ಒಣಗಿಯೇ ಇದ್ದರೆ ಹೊತ್ತು ಮೀರಿದೆ. ಮುದ್ದೆ ತಿರುವುವ ಕೈ ಹಿಟ್ಟು ಬೆಂದದ್ದನ್ನು ಕೋಲಿನ ಬಿಗಿಯಲ್ಲೇ ತಿಳಿಯುವಂತೆ, ನಾಲ್ಕು ಸಲ ಹಿಂಡಿ ನೋಡಿದ ಅಂಗೈಗೆ ಈ ಹದ ತಾನಾಗಿ ತಿಳಿಯುತ್ತದೆ. ನೀರು ಹೆಚ್ಚಾದರೆ ಹುಲ್ಲಿನ ಸಂದಿಯಲ್ಲಿ ಗಾಳಿ ಇರುವುದಿಲ್ಲ, ಹುಳಿನಾತ ಬರುತ್ತದೆ, ಚೀಲದ ತಳದಲ್ಲಿ ಹಳದಿ ನೀರು ನಿಲ್ಲುತ್ತದೆ. ಕಡಿಮೆಯಾದರೆ ಎಳೆ ಅರ್ಧದಾರಿಯಲ್ಲೇ ನಿಂತುಬಿಡುತ್ತದೆ. ಹುಲ್ಲು ಪೂರ್ತಿ ತಣ್ಣಗಾದ ಮೇಲೆಯೇ ಬೀಜ ಹಾಕಬೇಕು. ಬೀಜ ಎಂದರೆ ಬೇಯಿಸಿದ ಜೋಳದ ಕಾಳಿನ ಮೇಲೆ ಹಬ್ಬಿಸಿದ ಅಣಬೆಯ ಎಳೆ, ಅದಕ್ಕೆ ಬಿಸಿ ಆಗಿಬರುವುದಿಲ್ಲ.

ಹುಲ್ಲಿಗೆ ತೌಡು, ಹಿಂಡಿ ಬೆರೆಸಿದರೆ ಇಳುವರಿ ಹೆಚ್ಚುತ್ತದಂತಲ್ಲ ಎಂದು ಅಕ್ಕ ಕೇಳಿದರು. ಹೆಚ್ಚುತ್ತದೆ. ಭತ್ತದ ಹುಲ್ಲಿನಲ್ಲಿ ಸಾರಜನಕ ಬಹಳ ಕಡಿಮೆ, ತೌಡು ಅದನ್ನು ತುಂಬುತ್ತದೆ. ಆದರೆ ಹೊಟ್ಟೆತುಂಬ ಊಟ ಇಟ್ಟ ಕಡೆಗೆ ಎಲ್ಲರೂ ಬರುತ್ತಾರೆ, ಹಸಿರು ಬೂಸ್ಟು ಎಲ್ಲರಿಗಿಂತ ಮೊದಲು ಬರುತ್ತದೆ. ಬಡ ಹುಲ್ಲಿನಲ್ಲಿ ಬದುಕುವ ಕಲೆ ಚಿಪ್ಪು ಅಣಬೆಗೆ ಗೊತ್ತು, ಬೂಸ್ಟಿಗೆ ಅಷ್ಟಾಗಿ ಗೊತ್ತಿಲ್ಲ. ಕಲಿಯುವವರೆಗೆ ಬರೀ ಹುಲ್ಲೇ ಇರಲಿ.

ಬೀಜದ ಲೆಕ್ಕ ಸರಳ. ಒಂದು ಕಿಲೋ ಒಣಹುಲ್ಲು ನೆನೆದು ಹದಕ್ಕೆ ಬಂದಾಗ ಸುಮಾರು ಮೂರು ಕಿಲೋ ತೂಗುತ್ತದೆ. ಅದಕ್ಕೆ 100 ಗ್ರಾಂ ಬೀಜ. ಚೀಲದಲ್ಲಿ ನಾಲ್ಕು ಬೆರಳು ಹುಲ್ಲು ಹಾಕಿ ಅದುಮಿ, ಅಂಚಿನ ಸುತ್ತ ಬೀಜ ಉದುರಿಸಿ, ಮತ್ತೆ ಹುಲ್ಲು, ಮತ್ತೆ ಬೀಜ. ಬಾಯಿ ಬಿಗಿದು ಕಟ್ಟಿ, ಸ್ಪಿರಿಟ್ಟಿನಿಂದ ಒರೆಸಿದ ಸೂಜಿಯಲ್ಲಿ ಅಲ್ಲಲ್ಲಿ ತೂತು ಮಾಡಿ, ಕತ್ತಲೆ ಕೋಣೆಯಲ್ಲಿ ಇಟ್ಟರಾಯಿತು. 15ರಿಂದ 20 ದಿನದಲ್ಲಿ ಚೀಲ ಪೂರ್ತಿ ಬೆಳ್ಳಗಾಗುತ್ತದೆ. ಬಿಳಿ ಬಂದರೆ ಅದು ನಮ್ಮದು. ಹಸಿರು ಮಚ್ಚೆ, ಕಪ್ಪು ಮಚ್ಚೆ ಕಂಡರೆ ಆ ಚೀಲವನ್ನು ಮನೆಯೊಳಗೆ ಬಿಚ್ಚದೆ ದೂರ ಒಯ್ದು ಹೂತುಬಿಡಬೇಕು.

ಬೀಜ ತರುವ ದಾರಿಯಲ್ಲೂ ಒಂದು ಎಚ್ಚರ ಬೇಕು. ನಮ್ಮದು ರೈಲು ಹಳಿ ಮುಗಿಯುವ ಊರು. ಮುಂಜಾನೆ ಕತ್ತಲಲ್ಲಿ ಇಲ್ಲಿಂದ ಹೊರಡುವ ಗಾಡಿಯಲ್ಲಿ ಕೂತು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರು ಮನೆಗೊಬ್ಬರಾದರೂ ಇದ್ದಾರೆ. ಹೆಸರಘಟ್ಟದಿಂದಲೋ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಿಂದಲೋ ಅವರ ಕೈಲಿ ಬೀಜ ತರಿಸುವುದು ಕಷ್ಟವಲ್ಲ. ಆದರೆ ಬಿಸಿಲು ಬೀಳುವ ಕಿಟಕಿ ಪಕ್ಕ, ನೂರು ಜನರ ಕಾಲಡಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದ ಬೀಜ ಅರ್ಧ ಸತ್ತೇ ಬರುತ್ತದೆ. ಬಟ್ಟೆ ಚೀಲದಲ್ಲಿಟ್ಟು, ಸಂಜೆ ಗಾಡಿಯಲ್ಲಿ, ಮಡಿಲಲ್ಲಿಟ್ಟುಕೊಂಡೇ ತರಬೇಕು. ತಂದ ಮೇಲೆ ಇಡಲು ತಂಪು ಜಾಗ ಇಲ್ಲದಿದ್ದರೆ ಮಾರನೇ ದಿನವೇ ಹಾಕಿಬಿಡಬೇಕು. ಹೀಗೆ ಮಾಡಬೇಕಾದರೆ ಬೀಜ ಬರುವ ಹೊತ್ತಿಗೆ ಹುಲ್ಲು ಹದಕ್ಕೆ ಬಂದು ಕೂತಿರಬೇಕು. ಬೀಜ ಕೈಯಲ್ಲಿ ಹಿಡಿದು ಹುಲ್ಲು ಹುಡುಕಲು ಹೊರಟರೆ ಆತುರದಲ್ಲಿ ಸಿಕ್ಕಿದ್ದನ್ನೇ ತರುತ್ತೇವೆ, ಗುಡ್ಡದ ಬುಡದ್ದೋ ಮಳೆಯಲ್ಲಿ ನೆನೆದದ್ದೋ ಎಂದು ಕೇಳುವ ವ್ಯವಧಾನ ಇರುವುದಿಲ್ಲ.

ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದ ಅಕ್ಕನ ಯಜಮಾನರು ಜಗಲಿಯಿಂದಲೇ ಕೇಳಿದರು. ಗಣಿಯ ಒಳಗೆ ಇಳಿದು ದುಡಿದವರು ಅವರು.

"ಕತ್ಲೆ ಬೇಕು, ತೇವ ಬೇಕು ಅಂತೀಯಲ್ಲಮ್ಮಾ. ಹಂಗಾದ್ರೆ ಗಣೀಲೇ ಬೆಳೀಬಹುದಿತ್ತು."

ಅಣ್ಣ ಹೇಳಿದ್ದರಲ್ಲಿ ಹುರುಳಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ ನಗರದ ಕೆಳಗಿನ ಹಳೆಯ ಸುಣ್ಣಕಲ್ಲಿನ ಗಣಿಗಳಲ್ಲಿ ಕುದುರೆ ಲದ್ದಿಯ ಪಾತಿ ಮಾಡಿ ಬಟನ್ ಅಣಬೆ ಬೆಳೆದು ಇಡೀ ಪೇಟೆಗೆ ಒದಗಿಸುತ್ತಿದ್ದರು. ಆ ಗಣಿಗಳು ಆಳವಿರಲಿಲ್ಲ, ತಣ್ಣಗಿದ್ದವು. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು, ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು. ಪಂಪು ನಿಂತ ಮೇಲೆ ನೀರು ತುಂಬಿಕೊಂಡಿತು. "ಹೌದು, ಅದು ಇನ್ನು ಯಾರಿಗೂ ಇಲ್ಲ" ಅಂದು ಅಣ್ಣ ಕೆಮ್ಮಿದರು.

ಆ ಕೆಮ್ಮಿಗೂ ಅಣಬೆಗೂ ಸಂಬಂಧ ಇದೆ, ಅದನ್ನು ಹೇಳದೆ ಬಿಡಲಾರೆ. ಬಲಿತ ಚಿಪ್ಪು ಅಣಬೆ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಣಗಳನ್ನು ಹೊಗೆಯಂತೆ ಬಿಡುತ್ತದೆ. ಅದು ಕೆಲವರಿಗೆ ಕೆಮ್ಮು, ಉಬ್ಬಸ ತರುತ್ತದೆ. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಹತ್ತಿಸಿಕೊಂಡ ಹಿರಿಯರು ನಮ್ಮ ಲೈನುಗಳಲ್ಲಿ ಬಹಳ ಮಂದಿ. ಅಂಥವರು ಮಲಗುವ ಕೋಣೆಯಲ್ಲಿ ಅಣಬೆಯ ಚೀಲ ನೇತುಹಾಕುವುದು ಸಲ್ಲದು. ಹಿತ್ತಲಲ್ಲಿ ಗೋಣಿಪಟ್ಟೆ ಕಟ್ಟಿದ ಬೇರೆ ಗೂಡು ಬೇಕು. ಗೋಣಿಯನ್ನು ದಿನಕ್ಕೆ ಎರಡು ಮೂರು ಸಲ ನೆನೆಸಿದರೆ ಅಣಬೆಗೆ ಬೇಕಾದ ತಂಪೂ ಸಿಗುತ್ತದೆ, ಗುಡ್ಡದ ಧೂಳನ್ನೂ ಅದು ತಡೆಯುತ್ತದೆ. ಕೊಡೆಯ ಅಂಚು ಮೇಲಕ್ಕೆ ಮಡಚುವ ಮುಂಚೆಯೇ ಕೊಯ್ದರೆ ಬೀಜಕಣದ ಕಾಟ ಕಡಿಮೆ, ರುಚಿಯೂ ಜಾಸ್ತಿ. ಕೊಯ್ಯುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ.

ಬೇಸಿಗೆಯಲ್ಲಿ ಹಾಲು ಅಣಬೆ ಹಾಕಬಹುದು, 30-35 ಡಿಗ್ರಿಯಲ್ಲೂ ಅದು ಚೆನ್ನಾಗಿ ಬರುತ್ತದೆ. ಆದರೆ ಹುಲ್ಲು ಬೆಳ್ಳಗಾದ ಮೇಲೆ ಅದಕ್ಕೆ ಮಣ್ಣಿನ ಹೊದಿಕೆ ಕೊಡಬೇಕು. ನಮ್ಮ ಊರಿನ ಮಣ್ಣು ಎಂದೊಡನೆ ಮತ್ತೆ ಅದೇ ಪ್ರಶ್ನೆ ಏಳುತ್ತದೆ. ಆ ಮಣ್ಣನ್ನೂ ದೂರದ ತೋಟದಿಂದಲೇ ತರಬೇಕು.

ಲಾಭದ ಮಾತನ್ನು ಅಕ್ಕ ಕೊನೆಗೆ ತೆಗೆದರು. ಒಂದು ಕಿಲೋ ಒಣಹುಲ್ಲಿಗೆ ಎರಡು ಮೂರು ಕೊಯ್ಲು ಸೇರಿ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಹಸಿ ಅಣಬೆ ಬಂದರೆ ಹೊಸಬರಿಗೆ ಅದು ಒಳ್ಳೆಯ ಫಸಲು. ಮನೆಗೆ ಸಾಕು, ಅಕ್ಕಪಕ್ಕಕ್ಕೆ ಕೊಡಲೂ ಸಾಕು. ಕೈ ಕುದುರಿದ ಮೇಲೆ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಒಂದು ಬುಟ್ಟಿ ಒಯ್ಯಬಹುದು. ಗಣಿ ಮುಚ್ಚಿದ ಮೇಲೆ ಈ ಊರಿಗೆ ಭರವಸೆ ಮಾರಲು ಬಂದವರಿಗೆ ಲೆಕ್ಕವಿಲ್ಲ. ಬೀಜ ನಾವೇ ಕೊಡುತ್ತೇವೆ, ಬೆಳೆ ನಾವೇ ಕೊಳ್ಳುತ್ತೇವೆ, ಮುಂಗಡ ಕಟ್ಟಿ ಎನ್ನುವವರ ಮಾತಿಗೆ ಒಡವೆ ಅಡವಿಡಬೇಡಿ ಎಂದು ಪ್ರತಿ ಮನೆಯ ಬಾಗಿಲಿಗೂ ಹೋಗಿ ಹೇಳಬೇಕೆನ್ನಿಸುತ್ತದೆ. ಈ ವಿದ್ಯೆಗೆ ಮುಂಗಡ ಬೇಡ. ಎರಡು ಚೀಲ ಹಾಕಿ, ಕೈಗೆ ಹದ ತಿಳಿದ ಮೇಲೆ ಹತ್ತಕ್ಕೆ ಹೋಗಿ. ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಂಶಯ ಕೇಳಿ. ಕೊಯ್ಲು ಮುಗಿದ ಹುಲ್ಲನ್ನು ಎಸೆಯದೆ ಗೊಬ್ಬರ ಮಾಡಿ ನುಗ್ಗೆ, ಕರಿಬೇವಿನ ಬುಡಕ್ಕೆ ಹಾಕಿ.

"ಸರಿ ಹಂಗಾದ್ರೆ, ಬರೋ ವಾರ ನಮ್ಮ ಹುಡುಗನ ಕೈಲಿ ಬೀಜ ತರಿಸ್ಲಾ?" ಅಂದರು ಅಕ್ಕ.

"ಬೀಜ ಇರ್ಲಿ ಅಕ್ಕಾ. ಭಾನುವಾರ ನಿಮ್ಮ ತವರಿಗೆ ಹೋಗ್ತೀರಲ್ಲ, ನಾನೂ ಬರ್ತೀನಿ. ಅಲ್ಲಿ ಬಣವೆ ಹಾಕಿರೋರನ್ನ ಮೂರು ಮಾತು ಕೇಳೋಣ. ಯಾವ ಗದ್ದೇದು, ಮಳೇಲಿ ನೆನೆದಿದ್ಯಾ, ಏನು ಔಷಧಿ ಹೊಡೆದಿದ್ರಿ. ಮೂರಕ್ಕೂ ಸರಿಯಾದ ಉತ್ತರ ಸಿಕ್ರೆ ಹುಲ್ಲು ಕಟ್ಟಿಸ್ಕೊಂಡು ಬರೋಣ. ಬೀಜಕ್ಕೆ ಆಮೇಲೆ ಹೇಳಿ ಕಳ್ಸಿದ್ರಾಯ್ತು."